1933ಕ್ಕಿಂತ ಮೊದಲಿನ ಹಾಲಿವುಡ್ ಮ್ಯೂಸಿಕಲ್‌ಗಳ ಬಗ್ಗೆ ಒಂದು ಸ್ಪಷ್ಟನೆ

'ಫಾರ್ಟಿ ಸೆಕೆಂಡ್ ಸ್ಟ್ರೀಟ್' ಸಿನಿಮಾ ಬರುವವರೆಗೆ ಹಾಲಿವುಡ್ ಮ್ಯೂಸಿಕಲ್ (ಹಾಡು-ಕುಣಿತದ ಸಿನಿಮಾ) ಅಂದರೆ ನಾಟಕದ ಮುಂದೆ ಕ್ಯಾಮೆರಾ ನೆಟ್ಟು ತೆಗೆದದ್ದು ಅಷ್ಟೇ, ಹಾಡು ಬಂದರೆ ಕಥೆ ನಿಂತುಬಿಡುತ್ತಿತ್ತು ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಮಾತಿನಲ್ಲಿ ಸ್ವಲ್ಪ ನಿಜ ಇದೆ. ಟಾಕಿ, ಅಂದರೆ ಮಾತಿನ ಸಿನಿಮಾ, ಶುರುವಾದ ಹೊಸದರಲ್ಲಿ ಕ್ಯಾಮೆರಾದ ಸದ್ದು ಮೈಕಿಗೆ ಬೀಳಬಾರದೆಂದು ಅದನ್ನು ಗೂಡಿನಂಥ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು, ಹಾಗಾಗಿ ಅದನ್ನು ಸುಲಭವಾಗಿ ಓಡಾಡಿಸಲು ಆಗುತ್ತಿರಲಿಲ್ಲ. ಆದರೆ ಆ ಕಾಲ ಬೇಗ ಮುಗಿಯಿತು.

1932ರ 'ಲವ್ ಮಿ ಟುನೈಟ್' ನೋಡಿ. ನಿರ್ದೇಶಕ ರೂಬೆನ್ ಮಮೂಲಿಯನ್, ಹಾಡುಗಳು ರಾಜರ್ಸ್ ಮತ್ತು ಹಾರ್ಟ್ ಅವರದು. ಪ್ಯಾರಿಸ್‌ನ ಟೈಲರ್ ಪಾತ್ರದ ಮೊರಿಸ್ ಶೆವಲಿಯೇ ಅಂಗಡಿಯಲ್ಲಿ ಹಾಡು ಶುರು ಮಾಡುತ್ತಾನೆ. ಗಿರಾಕಿ ಅದನ್ನೇ ಗುನುಗುತ್ತಾ ಬೀದಿಗೆ ಬರುತ್ತಾನೆ. ಟ್ಯಾಕ್ಸಿ ಡ್ರೈವರ್‌ ಬಾಯಿಗೆ ಬೀಳುತ್ತದೆ. ಟ್ಯಾಕ್ಸಿ ಹತ್ತಿದ ಸಂಗೀತಗಾರ ರಾಗ ಬರೆದುಕೊಳ್ಳುತ್ತಾನೆ. ರೈಲಿನಲ್ಲಿ ಸೈನಿಕರು ಹಾಡುತ್ತಾರೆ, ಜಿಪ್ಸಿಯ ಪಿಟೀಲಿಗೆ ದಾಟುತ್ತದೆ. ಕೊನೆಗೆ ಬಾಲ್ಕನಿಯಲ್ಲಿ ನಿಂತ ರಾಜಕುಮಾರಿ ಪಾತ್ರದ ಜಾನೆಟ್ ಮ್ಯಾಕ್‌ಡೊನಾಲ್ಡ್ ಅದನ್ನು ಹಾಡುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ, ಹಾಡು ಮಾತ್ರ ಆಗಲೇ ತಲುಪಿಬಿಟ್ಟಿದೆ. ಎಂಥ ಚಂದದ ತುಂಟತನ, ಅಲ್ವಾ? ಇಲ್ಲಿ ಕಥೆ ಎಲ್ಲಿ ನಿಂತಿತು?

ಇದನ್ನು ಇನ್ನೊಬ್ಬ ನಿರ್ದೇಶಕ ಅರ್ನ್‌ಸ್ಟ್ ಲುಬಿಚ್ ತೆಗೆದದ್ದೆಂದು ಬರೆಯುವವರೂ ಇದ್ದಾರೆ. ಅದೂ ತಪ್ಪು. ಲುಬಿಚ್ ಅವರದು 1930ರ 'ಮಾಂಟೆ ಕಾರ್ಲೊ'. ಅದರಲ್ಲಿ ರೈಲಿನ ಚಕ್ರಗಳ ಸದ್ದೇ ತಾಳವಾಗುತ್ತದೆ, ಕಿಟಕಿಯಾಚೆ ಹೊಲದಲ್ಲಿರುವ ರೈತರು ದನಿಗೂಡಿಸುತ್ತಾರೆ. 'ಫಾರ್ಟಿ ಸೆಕೆಂಡ್ ಸ್ಟ್ರೀಟ್' ಬಂದದ್ದು 1933ರಲ್ಲಿ. ಅದು ದೊಡ್ಡ ಸಿನಿಮಾನೇ, ಆದರೆ ಮೊದಲನೆಯದಲ್ಲ.