ಕಾರು ಹೊರಗೆ, ಗರಗಸ ಒಳಗೆ

ಗ್ಯಾರೇಜಿನಲ್ಲಿ ವರ್ಕ್‌ಶಾಪ್ ಮಾಡಲು ಹೊರಟವರೆಲ್ಲ ಮೊದಲು ಹೇಳುವ ಮಾತು ಒಂದೇ: "ಕಾರೂ ಇರುತ್ತೆ, ವರ್ಕ್‌ಶಾಪೂ ಇರುತ್ತೆ." ಅದು ಸುಳ್ಳಲ್ಲ. ಹೇಳುವಾಗ ಮನಸಾರೆ ನಂಬಿಯೇ ಹೇಳಿರುತ್ತಾರೆ. ತಪ್ಪೇನಿದ್ದರೂ ಗ್ರಾಫ್ ಹಾಳೆಯದು. ಅದರ ಮೇಲೆ ಕಾರು ಅಂದರೆ ಒಂದು ಆಯತ. ಆಯತಕ್ಕೆ ಬಾಗಿಲು ಇರುವುದಿಲ್ಲ. ಆ ಬಾಗಿಲನ್ನು ಅರ್ಧ ತೆರೆದು, ಹೊಟ್ಟೆ ಒಳಗೆಳೆದುಕೊಂಡು ಇಳಿಯುವ ಮನುಷ್ಯ ಅಂತೂ ಇರುವುದೇ ಇಲ್ಲ.

ನನ್ನ ನಕ್ಷೆಯನ್ನು ಹೆಂಡತಿ ಬಹಳ ಹೊತ್ತು ನೋಡಿದಳು.

"ರೀ, ಕಾರಿಂದ ನಾನು ಯಾವ ಕಡೆ ಇಳೀಬೇಕು?"

"ಡ್ರೈವರ್ ಕಡೆಯಿಂದ."

"ಅಲ್ಲಿ ನೀವು ಕೂತಿರ್ತೀರಲ್ಲ?"

"ನಾನು ಇಳಿದ ಮೇಲೆ ನೀನು ಇಳಿ. ಅವಸರ ಏನಿದೆ?"

ಮಾರನೆಯ ದಿನದಿಂದ ಕಾರು ಹೊರಗೆ ನಿಲ್ಲತೊಡಗಿತು. ತಾತ್ಕಾಲಿಕವಾಗಿ. ಈಗಲೂ ತಾತ್ಕಾಲಿಕವಾಗಿಯೇ ನಿಂತಿದೆ.

ಕಾರು ಹೋದ ಮೇಲೆ ಗ್ಯಾರೇಜು ಮೈದಾನದಂತೆ ಕಂಡಿತು. ಈ ಭ್ರಮೆ ಮೊದಲ ಪ್ಲೈವುಡ್ ಹಲಗೆ ಬರುವವರೆಗೆ ಮಾತ್ರ. ಪ್ಲೈವುಡ್ ಬರುವುದು 8 ಅಡಿ ಉದ್ದ, 4 ಅಡಿ ಅಗಲದ ಹಲಗೆಯಾಗಿ. ಟೇಬಲ್ ಸಾ ಅಂದರೆ ಮೇಜಿನ ನಡುವಿನಿಂದ ಗುಂಡು ಗರಗಸ ತಲೆ ಎತ್ತಿರುವ ಯಂತ್ರ. ಅದು ಕೂರಲು ಮೂರಡಿ ಜಾಗ ಸಾಕು. ಆದರೆ ಈ ಹಲಗೆಯನ್ನು ಉದ್ದಕ್ಕೆ ಸೀಳಬೇಕಾದರೆ ಗರಗಸದ ಮುಂದೆ 8 ಅಡಿ ಬೇಕು. ಸೀಳಿದ್ದು ಹೊರಬರಲು ಹಿಂದೆ 8 ಅಡಿ ಬೇಕು. ತಳ್ಳುವವನಿಗೂ ನಿಲ್ಲಲು ಜಾಗ ಬೇಕಲ್ವಾ? ಎಲ್ಲ ಸೇರಿ ಹತ್ತಿರ ಹತ್ತಿರ 20 ಅಡಿ. ಒಂದು ಕಾರಿನ ಗ್ಯಾರೇಜು ಇರುವುದೇ ಹೆಚ್ಚು ಕಡಿಮೆ ಅಷ್ಟು ಉದ್ದ. ಅಂದರೆ ಗರಗಸವನ್ನು ಗೋಡೆಗೆ ಒರಗಿಸಿ ಚೆಂದವಾಗಿ ನಿಲ್ಲಿಸಿದವನು ಅದರಲ್ಲಿ ಕೊಯ್ಯಬಹುದಾದದ್ದು ಪೆನ್ಸಿಲ್ ಮಾತ್ರ.

ಹಾಗಾಗಿ ಷಟರ್ ಎತ್ತಿ, ಗರಗಸವನ್ನು ಬಾಗಿಲ ಹತ್ತಿರಕ್ಕೆ ತಂದು ಕೊಯ್ಯುವುದು ರೂಢಿಯಾಯಿತು. ಒಳಗೆ ನಾನು ತಳ್ಳುತ್ತೇನೆ, ಹಲಗೆ ನಿಧಾನಕ್ಕೆ ರಸ್ತೆ ಕಡೆ ಹೊರಡುತ್ತದೆ. ಪಕ್ಕದ ಮನೆಯವರು ನಾಯಿ ಕರೆದುಕೊಂಡು ಬರುವುದೂ ಅದೇ ಹೊತ್ತಿಗೆ. ಗ್ಯಾರೇಜಿನೊಳಗಿಂದ ಕಿರುಚುವ ಸದ್ದು, ಅದರ ಹಿಂದೆಯೇ ತಾನಾಗಿ ತೇಲಿಬರುವ ಹಲಗೆ. ನಾಯಿ ಈಗ ಎದುರಿನ ಪಕ್ಕದಲ್ಲಿ ನಡೆಯುತ್ತದೆ. ಅವರೂ ಅಷ್ಟೆ.

"ಎಲ್ಲಕ್ಕೂ ಚಕ್ರ ಹಾಕಿ. ಬೇಕಾದಾಗ ಎಳ್ಕೊಳ್ಳಿ, ಬೇಡವಾದಾಗ ಗೋಡೆಗೆ ತಳ್ಳಿ." ತಿಳಿದವರೆಲ್ಲ ಕೊಡುವ ಸಲಹೆ ಇದು. ಒಳ್ಳೆಯ ಸಲಹೆಯೇ. ನೆಲ ಸಮ ಇದ್ದರೆ.

ಗ್ಯಾರೇಜಿನ ನೆಲ ಸಮ ಇರುವುದಿಲ್ಲ. ಕಟ್ಟುವಾಗಲೇ ಬಾಗಿಲ ಕಡೆಗೋ, ಮೋರಿ ಕಡೆಗೋ ಇಳಿಜಾರು ಕೊಟ್ಟಿರುತ್ತಾರೆ. ಕಾರಿನಿಂದ ಸೋರಿದ ನೀರು ನಿಲ್ಲದೆ ಹರಿದುಹೋಗಲಿ ಅಂತ. ಒಂದು ಅಡಿಗೆ ಎಂಟನೇ ಒಂದು ಅಂಗುಲ ಇಳಿಜಾರು ಅನ್ನುವುದು ಸಾಮಾನ್ಯ ಲೆಕ್ಕ. ಕೇಳಲು ಏನೂ ಅಲ್ಲ. 20 ಅಡಿಗೆ ಅದೇ ಎರಡೂವರೆ ಅಂಗುಲ! ಹೊಸ ಚಕ್ರ ಹಾಕಿದ ಟೂಲ್ ಟ್ರಾಲಿಗೆ ಈ ಲೆಕ್ಕ ನನಗಿಂತ ಮೊದಲೇ ಗೊತ್ತಿತ್ತು. ಷಟರ್ ಎತ್ತಿದ ತಕ್ಷಣ ಅದು ಸದ್ದಿಲ್ಲದೆ ಹೊರಟಿತು. ನೇರವಾಗಿ ಕಾರಿನ ಕಡೆಗೇ. ತನ್ನ ಜಾಗ ಕಿತ್ತುಕೊಂಡವರು ಯಾರು ಅಂತ ಕಾರಿಗೆ ಅವತ್ತೇ ಗೊತ್ತಾಗಿದ್ದು. ಬಂಪರಿನ ಮೇಲೆ ಅದರ ಗುರುತು ಇನ್ನೂ ಇದೆ.

ಚಕ್ರಗಳಲ್ಲಿ ಬ್ರೇಕ್ ಇರುವಂಥದ್ದೂ ಸಿಗುತ್ತವೆ. ಅವುಗಳಲ್ಲಿ ಮತ್ತೆ ಎರಡು ಜಾತಿ. ಒಂದು ಜಾತಿ ಚಕ್ರ ಉರುಳುವುದನ್ನು ಮಾತ್ರ ತಡೆಯುತ್ತದೆ. ಇನ್ನೊಂದು ಉರುಳುವುದನ್ನೂ ತಡೆಯುತ್ತದೆ, ನಿಂತಲ್ಲೇ ಗಿರಕಿ ಹೊಡೆಯುವುದನ್ನೂ ತಡೆಯುತ್ತದೆ. ಮೊದಲ ಜಾತಿಯ ಚಕ್ರ ಹಾಕಿದ ಮೇಜಿನ ಮೇಲೆ ಮರ ಹೆರೆಯುವ ರಂಧಾ ಹೊಡೆದರೆ ಮೇಜು ಓಡುವುದಿಲ್ಲ, ಸೊಂಟ ಅಲ್ಲಾಡಿಸುತ್ತದೆ. ನಾವೂ ಜೊತೆಗೆ ಅಲ್ಲಾಡಿಸಬೇಕಾಗುತ್ತದೆ.

ಆದ್ದರಿಂದ ಮುಖ್ಯ ಬೆಂಚಿಗೆ ಚಕ್ರ ಬೇಡ ಅಂತ ತೀರ್ಮಾನವಾಯಿತು. ಅದರ ಎತ್ತರಕ್ಕೆ ಒಂದು ಹಳೇ ಸೂತ್ರ ಇದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಬೆಂಚಿನ ಮೇಲ್ಮೈ ಬರಬೇಕು. ಸಾಮಾನ್ಯ ಬೆಂಚುಗಳ ಎತ್ತರ 34ರಿಂದ 36 ಅಂಗುಲ. ರಂಧಾ ಹೊಡೆಯಲು ಇನ್ನೂ ಸ್ವಲ್ಪ ತಗ್ಗಿದ್ದರೆ ಮೈಭಾರ ಹಾಕಬಹುದು. ಸಣ್ಣ ಕೆತ್ತನೆಗಾದರೆ ಎತ್ತರ ಇದ್ದಷ್ಟೂ ಬೆನ್ನಿಗೆ ಸುಖ. ಸೂತ್ರ ಸರಿಯಾಗೇ ಇದೆ. ಆದರೆ ಯಾರ ಮಣಿಕಟ್ಟು ಅನ್ನುವುದನ್ನು ಅದು ಹೇಳುವುದಿಲ್ಲ.

ಸಹಾಯಕ್ಕೆ ಬಂದ ಭಾವಮೈದ ಆರಡಿಗೂ ಜಾಸ್ತಿ ಇದ್ದಾನೆ. "ಭಾವ, ನೀವು ಟೇಪ್ ಹಿಡೀರಿ, ನಾನು ನಿಲ್ತೀನಿ" ಅಂದ. ನಿಂತ. ಬೆಂಚು ಅವನಿಗೆ ಅದ್ಭುತವಾಗಿ ಹೊಂದುತ್ತದೆ. ಅವನು ಬೇರೆ ಊರಿನಲ್ಲಿರುತ್ತಾನೆ. ನಾನು ಒಂದು ಹಲಗೆಯ ಮೇಲೆ ಹತ್ತಿ ನಿಂತು ಕೆಲಸ ಮಾಡುತ್ತೇನೆ.

ಅವನ ಇನ್ನೊಂದು ಉಪಕಾರ ಇದಕ್ಕಿಂತ ದೊಡ್ಡದು. ಅಳತೆ ಟೇಪಿನ ತುದಿಯಲ್ಲಿ ಒಂದು ಕೊಕ್ಕೆ ಇರುತ್ತದಲ್ಲ, ಅದು ಎಲ್ಲ ಟೇಪಿನಲ್ಲೂ ಸ್ವಲ್ಪ ಲೊಡಲೊಡ ಅನ್ನುತ್ತದೆ. ಸಡಿಲವಾಗಿರುವುದು ಬೇಕಂತಲೇ. ಕೊಕ್ಕೆ ಎಷ್ಟು ದಪ್ಪವೋ ಅಷ್ಟೇ ಅದು ಹಿಂದೆ ಮುಂದೆ ಸರಿಯಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಹೊರಗೆ ಸರಿಯುತ್ತದೆ. ಪೆಟ್ಟಿಗೆಯ ಒಳಮೈಗೆ ಒತ್ತಿ ಅಳೆದರೆ ಒಳಗೆ ಸರಿಯುತ್ತದೆ. ಎರಡೂ ಸಲ ಅಳತೆ ಸರಿಯಾಗಿ ಬರಲಿ ಅಂತ ಯಾರೋ ಪುಣ್ಯಾತ್ಮ ಯೋಚಿಸಿ ಮಾಡಿದ ಏರ್ಪಾಡು ಅದು. ಭಾವಮೈದ ನೋಡಿದ, "ಅಯ್ಯೋ, ಇದು ಲೂಸಾಗಿದೆ ಭಾವ" ಅಂದ, ಸುತ್ತಿಗೆ ತಗೊಂಡು ಎರಡು ಬಿಟ್ಟು ಗಟ್ಟಿ ಮಾಡಿದ. ಹೇಳಿದ್ದು ಊರಿಗೆ ಹೊರಡುವಾಗ, ಕಾರಿನ ಕಿಟಕಿಯಿಂದ. ಅಷ್ಟರಲ್ಲಿ ಡ್ರಾಯರುಗಳೆಲ್ಲ ತಯಾರಾಗಿದ್ದವು. ಒಂದೂ ಅದರ ಗೂಡಿನೊಳಗೆ ಹೋಗುತ್ತಿರಲಿಲ್ಲ.

ಅವನು ಹೋದ ಮೇಲೆ ಬೆಂಚಿನ ಕಾಲುಗಳನ್ನು ಸಮ ಮಾಡುವ ಕೆಲಸ. ಮಟ್ಟ ತೋರಿಸುವ ರಸಮಟ್ಟ ಇಟ್ಟು ನೋಡಿದರೆ ಅದರೊಳಗಿನ ಗಾಳಿಗುಳ್ಳೆ ಒಂದು ಮೂಲೆ ಹಿಡಿದು ಕೂತಿತ್ತು. ನಮ್ಮ ನೆಲದ ಇಳಿಜಾರು ಬಾಗಿಲ ಕಡೆಗೆ ಮಾತ್ರ ಅಲ್ಲ, ನಡುವಿನ ಮೋರಿಯ ಕಡೆಗೂ ಇದೆ. ಕೊನೆಗೆ ನಾಲ್ಕು ಕಾಲಿಗೂ ನಾಲ್ಕು ಬೇರೆ ಬೇರೆ ಉದ್ದ ಬಂತು. ಗುಳ್ಳೆ ನಡುವೆ ನಿಂತಿತು. ಹಾಗಾಗಿ ಈ ಬೆಂಚು ಸಮವಾಗಿ ನಿಲ್ಲುವುದು ಪ್ರಪಂಚದಲ್ಲಿ ಒಂದೇ ಜಾಗದಲ್ಲಿ. ನೆಲ ಗುಡಿಸಬೇಕಾದರೂ ಅದನ್ನು ಸರಿಸುವ ಹಾಗಿಲ್ಲ. ಕಾಲಿನ ಅಡಿಗೆ ಹಾಕಿ, ತಿರುಗಿಸಿ ಎತ್ತರ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥ ಸ್ಕ್ರೂ ಸಿಗುತ್ತದೆ. ಬುದ್ಧಿವಂತರು ಅದನ್ನು ಹಾಕುತ್ತಾರೆ. ನನಗೆ ಮರದಲ್ಲೇ ಮಾಡಬೇಕು ಅನ್ನುವ ಹಟ ಇತ್ತು, ಈಗಲೂ ಇದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಹಟ ಮಾಡದೆ ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಕೇಳಿದೆವು. ದೀಪಕ್ಕೆ ಒಂದು ಲೈನು, ಯಂತ್ರಗಳಿಗೆ ಬೇರೆ ಲೈನು. ಮೋಟರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಆಗ ಎಂಸಿಬಿ, ಅಂದರೆ ಕರೆಂಟು ಜಾಸ್ತಿಯಾದರೆ ತಾನೇ ಆರುವ ಸ್ವಿಚ್ಚು, ಬಿದ್ದರೆ ದೀಪವೂ ಹೋಗಬಾರದು. ಕತ್ತಲಾದರೂ ಗರಗಸ ತಕ್ಷಣ ನಿಲ್ಲುವುದಿಲ್ಲ, ತನ್ನ ವೇಗದಲ್ಲೇ ಇನ್ನೂ ಸುತ್ತುತ್ತಿರುತ್ತದೆ. ಕತ್ತಲಲ್ಲಿ ಅದರ ಪಕ್ಕ ನಿಂತು ಬೆರಳು ಎಣಿಸಿಕೊಳ್ಳುವುದು ಯಾರಿಗೆ ಬೇಕು? ದೀಪವೂ ನೆತ್ತಿಯ ಹಿಂದೆ ಒಂದೇ ಇದ್ದರೆ ಸಾಲದು. ಆಗ ಗೆರೆ ಎಳೆದ ಜಾಗದ ಮೇಲೆ ಸರಿಯಾಗಿ ನಮ್ಮ ತಲೆಯ ನೆರಳೇ ಬೀಳುತ್ತದೆ.

ಇಷ್ಟೆಲ್ಲ ಹೇಳಿದ ಎಲೆಕ್ಟ್ರಿಷಿಯನ್ ಕಂಪ್ರೆಸರ್ ಬಗ್ಗೆ ಏನೂ ಹೇಳಲಿಲ್ಲ. ಗಾಳಿ ತುಂಬುವ ಈ ಯಂತ್ರ ಟ್ಯಾಂಕ್ ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಒತ್ತಡ ಇಳಿದರೆ ತಾನೇ ಮತ್ತೆ ಶುರುವಾಗುತ್ತದೆ. ಸ್ವಿಚ್ ಆರಿಸದೆ ಬಿಟ್ಟರೆ, ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಗಾಳಿ ಸೋರಿದರೂ ಸಾಕು. ಹಗಲೆಲ್ಲ ಸುಮ್ನೆ ಇದ್ದು ನಡುರಾತ್ರಿಯಲ್ಲಿ ಒತ್ತಡ ಇಳಿಯುತ್ತದೆ. ಅವತ್ತು ಗ್ಯಾರೇಜಿನ ಗೋಡೆಗೆ ಅಂಟಿದ ಕೋಣೆಯಲ್ಲಿ ಮಲಗಿದ್ದವರು ನಮ್ಮ ಅತ್ತೆ. ಆ ಗಡಗಡ ಸದ್ದಿಗೆ ಅವರು ಹೊರಗೆ ಬಂದ ವೇಗ ನೋಡಿ, ಮಂಡಿ ನೋವಿನ ಬಗ್ಗೆ ನನಗಿದ್ದ ಅನುಮಾನಗಳೆಲ್ಲ ನಿವಾರಣೆಯಾದವು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಅತ್ತೆಯ ಮುಂದೆ ಮಾನ ಹೋದದ್ದು ಅದೊಂದೇ ಸಲ ಅಲ್ಲ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ. ಮುದ್ದೆಯ ಒಳಗೆ ಆ ಬಿಸಿ ಹೊರಹೋಗಲು ದಾರಿ ಸಿಗದೆ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಅದಕ್ಕೇ ಒಂದೊಂದನ್ನೂ ಬಿಡಿಸಿ, ಗಾಳಿಗೆ ಹರವಬೇಕು. ಹರವಲು ಗ್ಯಾರೇಜಿನ ಹೊರಗೆ ಇದ್ದದ್ದು ಬಟ್ಟೆ ಒಣಗಿಸುವ ತಂತಿ ಒಂದೇ. ಪಕ್ಕದಲ್ಲೇ ಅತ್ತೆಯ ಬಿಳಿ ಸೀರೆ. ಗಾಳಿ ಬೀಸಿತು. ಮನೆ ಸುಟ್ಟುಹೋಗುವುದನ್ನು ತಪ್ಪಿಸಿದ್ದೇನೆ ಅಂತ ಎಷ್ಟು ವಿವರಿಸಿದರೂ ಸೀರೆಯ ಮಾತೇ ಮಾತು.

ಇನ್ನು ಧೂಳು. ನೆಲದ ಮೇಲೆ ಗುಡ್ಡೆ ಬೀಳುವ ಹೊಟ್ಟು ನೋಡಿ ಎಲ್ಲರೂ ಹೆದರುತ್ತಾರೆ. ಅದು ಪಾಪದ್ದು, ಗುಡಿಸಿದರೆ ಹೋಗುತ್ತದೆ. ಕಣ್ಣಿಗೆ ಕಾಣದ ನುಣ್ಣನೆ ಧೂಳೇ ನಿಜವಾದ ಕಿಡಿಗೇಡಿ. ಯಂತ್ರ ನಿಂತ ಮೇಲೂ ಬಹಳ ಹೊತ್ತು ತೇಲುತ್ತದೆ, ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಇದರಲ್ಲಿ ತಮಾಷೆ ಏನೂ ಇಲ್ಲ. ಮಾಸ್ಕು, ಧೂಳು ಹೀರುವ ಯಂತ್ರ, 4 ಅಂಗುಲದ ಪೈಪು ಇವಕ್ಕೆ ಖರ್ಚು ಮಾಡಿದ ಮೇಲೆ ಉಳಿದದ್ದರಲ್ಲಿ ಗರಗಸ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತಮಾಷೆ ಇರುವುದು ಪೈಪಿನಲ್ಲಿ. ಪ್ಲಾಸ್ಟಿಕ್ ಪೈಪಿನೊಳಗೆ ಧೂಳು ಉಜ್ಜಿಕೊಂಡು ಓಡಿದರೆ ಅದರ ಮೈಯಲ್ಲೆಲ್ಲ ಸ್ಥಾಯಿ ವಿದ್ಯುತ್ತು ತುಂಬುತ್ತದೆ. ಮುಟ್ಟಿದರೆ ಚಟ್ ಅಂತ ಹೊಡೆಯುತ್ತದೆ. ಸಲಕರಣೆ ಸಾಲ ಕೇಳಲು ಬಂದವರನ್ನು ನಾನು ಆ ಪೈಪಿನ ಪಕ್ಕದಲ್ಲೇ ನಿಲ್ಲಿಸಿ ಮಾತಾಡಿಸುತ್ತೇನೆ.

ಗೋಡೆಗೆ ತೂತಿನ ಹಲಗೆ ಹೊಡೆದು, ಪ್ರತಿ ಸಲಕರಣೆಯ ಸುತ್ತ ಕಪ್ಪು ಗೆರೆ ಎಳೆದೆ. ಯಾವುದು ಕಾಣೆಯಾದರೂ ಖಾಲಿ ಗೆರೆ ಹೇಳಿಬಿಡುತ್ತದೆ. ಬೋಲ್ಟು ತಿರುಗಿಸುವ 10 ಮಿಲಿಮೀಟರ್ ಸಾಕೆಟ್ಟಿನ ಗೆರೆ ಎಳೆದ ದಿನದಿಂದ ಖಾಲಿ ಇದೆ. ರಿಪೇರಿ ಮಾಡುವ ಯಾರನ್ನು ಬೇಕಾದರೂ ಕೇಳಿ, ಕಳೆಯುವುದು ಆ ಅಳತೆಯದೇ. ಕಾರಿನಲ್ಲಿ ಜಾಸ್ತಿ ಬೇಕಾಗುವ ಅಳತೆಯೂ ಅದೇ, ಹಾಗಾಗಿ ಸದಾ ಕೈಯಲ್ಲಿರುತ್ತದೆ, ಕೈಯಿಂದ ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ.

ಹೀಗೆ ವರ್ಕ್‌ಶಾಪ್ ಸಿದ್ಧವಾಯಿತು. ಇಲ್ಲಿಯವರೆಗೆ ಅದರಲ್ಲಿ ತಯಾರಾದದ್ದು: ಬೆಂಚು, ಬೆಂಚಿನ ಡ್ರಾಯರು, ಕ್ಲ್ಯಾಂಪು ನೇತುಹಾಕುವ ಚೌಕಟ್ಟು, ಸ್ಕ್ರೂ ಡಬ್ಬಿಗಳ ಕಪಾಟು, ನಾನು ಹತ್ತಿ ನಿಲ್ಲುವ ಹಲಗೆ. ಹೊರಗಿನವರಿಗೆ ಇದರ ಮರ್ಮ ತಿಳಿಯುವುದಿಲ್ಲ. ಅಡುಗೆಮನೆಯ ಸ್ಟೂಲು ಕುಂಟುತ್ತಿದೆ ಅಂತ ಹೆಂಡತಿ ಬಹಳ ಕಾಲದಿಂದ ಹೇಳುತ್ತಿದ್ದಳು. ಅದನ್ನು ಕೊಯ್ಯಬೇಕಾದರೆ ಹಿಡಿದಿಡಲು ಒಂದು ಜಿಗ್ ಬೇಕು, ಜಿಗ್ ಮಾಡಲು ಇನ್ನೊಂದು ಅಳತೆಯ ಕ್ಲ್ಯಾಂಪು ಬೇಕು ಅಂತ ನಾನೂ ಬಹಳ ಕಾಲದಿಂದ ಹೇಳುತ್ತಿದ್ದೆ.

ಒಂದು ಸಂಜೆ ಅವಳೇ ಸ್ಟೂಲು ತಂದು ಗ್ಯಾರೇಜಿನ ನಡುವೆ ಇಟ್ಟಳು. ಮೋರಿಯ ಹತ್ತಿರ. ನಾನು ಕೂತು ನೋಡಿದೆ. ಆ ಕಡೆ ವಾಲಿದೆ, ಈ ಕಡೆ ವಾಲಿದೆ. ಅಲ್ಲಾಡಲಿಲ್ಲ. ನೆಲ ಎಲ್ಲಿ ತಗ್ಗೋ ಅಲ್ಲಿಗೆ ಉದ್ದದ ಕಾಲು ಬಂದಿತ್ತು.

"ಆಯ್ತು ನೋಡು" ಅಂದೆ.

"ಏನು ಆಯ್ತು?"

"ರಿಪೇರಿ."

ಅವಳೂ ಕೂತು ನೋಡಿದಳು. ಎದ್ದು, ಸ್ಟೂಲು ಅಡುಗೆಮನೆಗೆ ಒಯ್ಯಲು ಕೈ ಹಾಕಿದಳು.

"ಅಲ್ಲಿಂದ ಮಾತ್ರ ಸರಿಸಬೇಡ" ಅಂದೆ.