ಎತ್ತಿಗೆ ಜ್ವರ, ಎಮ್ಮೆಗೆ ಧ್ಯಾನ

ಬೆಂಗಳೂರಿನ ಸಮಸ್ಯೆಗಳೆಲ್ಲ ಮುಗಿದುಹೋಗಿವೆ ಎಂಬ ಸಂತೋಷದ ಸುದ್ದಿಯನ್ನು ಓದುಗರಿಗೆ ಮೊದಲು ತಿಳಿಸಿಬಿಡುತ್ತೇನೆ. ರಸ್ತೆಗುಂಡಿ, ನೀರಿನ ಬವಣೆ, ವಾಹನ ದಟ್ಟಣೆ, ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿ ಕಳಿಸುವ ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲ ಸಮಸ್ಯೆಗಳೇ ಅಲ್ಲವಂತೆ. ಅವನ್ನು ಕಂಡಾಗ ನಾವು ಹಲ್ಲು ಕಡಿಯುತ್ತೇವಲ್ಲ, ಅದು ಸಮಸ್ಯೆ. ಹಲ್ಲು ಸಡಿಲ ಬಿಟ್ಟರೆ ಗುಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಶುಲ್ಕ ಕಟ್ಟಿದವರಿಗೆ ಕ್ರಮೇಣ ಹಾಗೆ ಅನ್ನಿಸತೊಡಗುತ್ತದೆ. ಈ ವಿದ್ಯೆಯ ಹೆಸರು ಮೈಂಡ್‌ಫುಲ್‌ನೆಸ್. ಕಲಿಸುವವರು ಲೈಫ್ ಕೋಚ್.

ಟಾಮ್‌ಟಾಮ್ ಎಂಬ ಸಂಸ್ಥೆ 2022ರ ಲೆಕ್ಕ ತೆಗೆದು, ಬೆಂಗಳೂರಿನ ನಗರ ಕೇಂದ್ರದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕು ಎಂದಿತು. ಅದು ಅಳೆದ ನಗರಗಳಲ್ಲಿ ನಮಗಿಂತ ನಿಧಾನ ಲಂಡನ್ ಒಂದೇ. ನಾವು ನಾಚಿಕೊಂಡೆವು, ಕೋಚ್‌ಗಳು ನಾಚಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಂಜಿನ್ ಆರಿಸಿ ಕುಳಿತವನು ಅವರ ಕಣ್ಣಿಗೆ ಸಿಕ್ಕಿಹಾಕಿಕೊಂಡ ಪ್ರಯಾಣಿಕನಲ್ಲ, ತಾನಾಗಿ ಬಂದು ಆಸನ ಹಾಕಿದ ಸಾಧಕ. ಕೆಂಪು ದೀಪ ಕಂಡೊಡನೆ ನಾಲ್ಕು ಎಣಿಸುತ್ತ ಉಸಿರು ಒಳಗೆಳೆಯಿರಿ, ನಾಲ್ಕು ಎಣಿಸುತ್ತ ಹಿಡಿದಿಡಿ, ನಾಲ್ಕು ಎಣಿಸುತ್ತ ಬಿಡಿ. ಒಳಗೆಳೆಯುವುದು ಮುಂದಿನ ಲಾರಿಯ ಹೊಗೆ ಎಂಬ ವಿಷಯ ಪಠ್ಯದಲ್ಲಿಲ್ಲ. ಹಿಂದಿನವನು ಹಾರ್ನ್ ಒತ್ತಿದರೆ ಅದನ್ನು ಬರೀ ಒಂದು ಶಬ್ದವೆಂದು ಗಮನಿಸಬೇಕಂತೆ. ಹಿಂದಿನವನು ಇದೇ ಶಿಬಿರಕ್ಕೆ ಹೋಗಿಬಂದವನಲ್ಲದಿದ್ದರೆ ಆ ಶಬ್ದದ ಬೆನ್ನಿಗೆ ಇನ್ನೂ ಕೆಲವು ಶಬ್ದಗಳು ಬರುತ್ತವೆ. ಅವುಗಳಲ್ಲಿ ನಮ್ಮ ಹೆತ್ತವರ ಪ್ರಸ್ತಾಪವೂ ಇರುತ್ತದೆ.

ಧ್ಯಾನದ ಮೇಲೆ ನನಗೆ ಹಗೆಯೇನೂ ಇಲ್ಲ. ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಎಂಬುವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧರ ಧ್ಯಾನಕ್ರಮವನ್ನು ಕೆಲವು ವಾರಗಳ ತರಬೇತಿಯಾಗಿ ಅಳವಡಿಸಿದಾಗ, ಅವರ ಬಳಿಗೆ ಬಂದವರು ಔಷಧಕ್ಕೆ ಬಗ್ಗದ ದೀರ್ಘಕಾಲದ ನೋವು ತಿನ್ನುತ್ತಿದ್ದ ರೋಗಿಗಳು. ಹೋಗದ ನೋವಿನ ಜೊತೆ ಬಾಳುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಅದೇ ಔಷಧವನ್ನು, ಒಂದು ಟಿಪ್ಪರ್ ಜಲ್ಲಿ ಮತ್ತು ಎರಡು ಡ್ರಮ್ ಡಾಂಬರಿನಿಂದ ಮಧ್ಯಾಹ್ನದೊಳಗೆ ಹೋಗಬಲ್ಲ ನೋವಿಗೆ ಬರೆದುಕೊಡುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮ್ಮ ನಾಡಿಗೆ ಹೊಸದಲ್ಲ. ಈಗ ಬರೆಯ ಬದಲು ಎಮ್ಮೆಯನ್ನು ಚಾಪೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸುತ್ತಾರೆ. ಪ್ರಾಣಿದಯೆ ಅಷ್ಟರ ಮಟ್ಟಿಗೆ ಹೆಚ್ಚಿದೆ. ಶುಲ್ಕವನ್ನು ಎಮ್ಮೆಯೇ ಕೊಡಬೇಕು.

ಕಚೇರಿಗಳಲ್ಲಂತೂ ಈ ವೈದ್ಯಕ್ಕೆ ಬಿಡುವಿಲ್ಲ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಅವರು ಕೇಳಿದ್ದರು. ಒಂದೇ ಕಡೆ ದೃಷ್ಟಿ ನೆಟ್ಟು, ಒಳಿತು ಕೆಡುಕು ಎಣಿಸದೆ, ಸುಮ್ಮನೆ ನೋಡುತ್ತಿರುವುದು ಮೈಂಡ್‌ಫುಲ್‌ನೆಸ್‌ನ ಮೊದಲ ಪಾಠ. ಅದನ್ನು ಭಾನುವಾರ ಮನೆಯಲ್ಲೇ ಬಿಟ್ಟಿಯಾಗಿ ಮಾಡಿಬಿಟ್ಟರೆ ಉದ್ಯಮಕ್ಕೆ ನಷ್ಟವಲ್ಲವೇ? ಅದಕ್ಕೆಂದೇ ಕಚೇರಿಯಲ್ಲಿ ಕ್ಷೇಮ ಸಪ್ತಾಹ ಏರ್ಪಡಿಸುತ್ತಾರೆ. ಅಂಥದ್ದೊಂದು ಸಪ್ತಾಹದ ಆಹ್ವಾನಪತ್ರವನ್ನು ಗೆಳೆಯರೊಬ್ಬರು ತೋರಿಸಿದರು. ವಿಷಯ: ಕೆಲಸ ಮತ್ತು ಬದುಕಿನ ಸಮತೋಲನ. ಸಮಯ: ಶುಕ್ರವಾರ ರಾತ್ರಿ ಏಳೂವರೆ. ಹಾಜರಾತಿ ಕಡ್ಡಾಯ. ಕ್ಯಾಮೆರಾ ತೆರೆದಿರಬೇಕು, ಕಣ್ಣು ಮುಚ್ಚಿರಬೇಕು.

ಅಮೆಜಾನ್ ಕಂಪನಿ 2021ರಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಗೋದಾಮಿನ ನಡುವೆಯೇ ದೂರವಾಣಿ ಬೂತಿನಂಥ ಪೆಟ್ಟಿಗೆ ನಿಲ್ಲಿಸಿತು. ದಣಿದ ಕೆಲಸಗಾರ ಅದರೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಪರದೆಯ ಮೇಲೆ ಮನಶ್ಶಾಂತಿಯ ವಿಡಿಯೋ ನೋಡಿ ಹೊರಬರಬೇಕು. ಕಂಪನಿ ಆ ಪೆಟ್ಟಿಗೆಯ ವಿಡಿಯೋವನ್ನು ಹೆಮ್ಮೆಯಿಂದ ಹಂಚಿಕೊಂಡಿತು. ಜನ ನಕ್ಕ ನಗುವಿಗೆ ಬೇಗನೆ ಅಳಿಸಿಯೂ ಹಾಕಿತು. ಕೆಲಸದ ವೇಗ ತಗ್ಗಿಸುವುದಕ್ಕಿಂತ ಪೆಟ್ಟಿಗೆ ಅಗ್ಗ. ಲೆಕ್ಕ ಬಲ್ಲವರಿಗೆ ಇದು ತಿಳಿಯದ್ದಲ್ಲ. ಬ್ರಿಟನ್ನಿನ 233 ಸಂಸ್ಥೆಗಳ 46 ಸಾವಿರಕ್ಕೂ ಹೆಚ್ಚು ನೌಕರರ ಉತ್ತರಗಳನ್ನು ಆಕ್ಸ್‌ಫರ್ಡಿನ ಸಂಶೋಧಕರೊಬ್ಬರು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ಧ್ಯಾನದ ಆ್ಯಪ್, ಸಹನೆಯ ತರಬೇತಿ ಇತ್ಯಾದಿ ಪಡೆದವರು ಪಡೆಯದವರಿಗಿಂತ ನೆಮ್ಮದಿಯಿಂದಿದ್ದಾರೆ ಎಂದು ಹೇಳಲು ಅವರಿಗೆ ಆಧಾರ ಸಿಗಲಿಲ್ಲ. ಸ್ವಲ್ಪ ಗೆಲುವಾಗಿ ಕಂಡವರು ಸ್ವಯಂಸೇವೆಗೆ ಹೋದವರು, ಅಂದರೆ ತಮ್ಮ ಉಸಿರನ್ನು ಅದರ ಪಾಡಿಗೆ ಬಿಟ್ಟು ಇನ್ನೊಬ್ಬರ ಕೆಲಸಕ್ಕೆ ಕೈಹಾಕಿದವರು. ಈ ವರದಿಯನ್ನು ಯಾವ ಕ್ಷೇಮ ಸಪ್ತಾಹದಲ್ಲೂ ಓದಿದಂತೆ ಕಾಣೆ.

ಕೋಚ್ ಆಗುವುದು ಹೇಗೆ ಎಂದು ಕೇಳುವವರಿಗೂ ಉತ್ತರ ಕೊಟ್ಟುಬಿಡಬೇಕು. ಆಟೋ ಓಡಿಸಲು ಲೈಸೆನ್ಸ್ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ವರ್ಷಗಟ್ಟಲೆ ಓದಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಲೈಫ್ ಕೋಚ್ ಆಗಲು ಒಂದು ಲೈಫ್ ಇದ್ದರೆ ಸಾಕು. ಕಾನೂನು ಅದರಾಚೆ ಏನನ್ನೂ ಕೇಳುವುದಿಲ್ಲ. ಗಂಟೆಗಟ್ಟಲೆ ತರಬೇತಿ ಪಡೆದು ಅಂತರರಾಷ್ಟ್ರೀಯ ಒಕ್ಕೂಟಗಳ ಪ್ರಮಾಣಪತ್ರ ಗಳಿಸಿದವರೂ ಇದ್ದಾರೆ, ಅವರ ಮಾತು ಬೇರೆ. ಉಳಿದವರಲ್ಲಿ ಬಹಳ ಮಂದಿ ಸಾಫ್ಟ್‌ವೇರ್ ಕೆಲಸ ಬಿಟ್ಟವರು ಅಥವಾ ಕೆಲಸವೇ ಬಿಟ್ಟುಹೋದವರು. ಅವರಿಂದ ಕಲಿತವರಿಗೆ ಕೊನೆಗೆ ಉಳಿಯುವ ಜೀವನೋಪಾಯವೂ ಇನ್ನೊಬ್ಬರಿಗೆ ಕಲಿಸುವುದೇ. ಹೀಗೇ ಮುಂದುವರಿದರೆ ಒಂದು ದಿನ ಎಲ್ಲರೂ ಕೋಚ್‌ಗಳಾಗಿ, ಸಮಸ್ಯೆ ಇರುವ ಒಬ್ಬನೇ ಒಬ್ಬ ಮನುಷ್ಯನಿಗಾಗಿ ಊರೆಲ್ಲ ಹುಡುಕಾಡಬೇಕಾಗುತ್ತದೆ. ದುಡ್ಡು ಕೊಡದೆ ಸಿಗುವ ನೆಮ್ಮದಿಯೂ ಉಂಟು: ಮನಸ್ಸಿಗೆ ನಿಜವಾಗಿ ತೊಂದರೆಯಾದವರು 14416ಕ್ಕೆ ಕರೆಮಾಡಿದರೆ ಸರ್ಕಾರದ ಟೆಲಿ-ಮಾನಸ್ ಉಚಿತವಾಗಿ ಸಲಹೆ ಕೊಡುತ್ತದೆ. ಗೋಯೆಂಕಾ ಪರಂಪರೆಯ ವಿಪಶ್ಯನ ಧ್ಯಾನ ಕೇಂದ್ರಗಳಲ್ಲಿ ಹತ್ತು ದಿನ ಊಟ, ವಸತಿ ಕೊಟ್ಟು, ಶುಲ್ಕ ಕೇಳದೆ ಕೂರಿಸುತ್ತಾರೆ. ಆದರೆ ಶುಲ್ಕವಿಲ್ಲದ ಶಾಂತಿಗೆ ಕಂತಿನ ಸೌಲಭ್ಯ ಇರುವುದಿಲ್ಲ, ರಿಯಾಯಿತಿ ಇರುವುದಿಲ್ಲ. ಅಂಥದ್ದನ್ನು ಜನ ನಂಬುವುದಾದರೂ ಹೇಗೆ?

ನಮ್ಮ ಅಪಾರ್ಟ್‌ಮೆಂಟಿಗೆ ಈ ವಿದ್ಯೆ ಕಾಲಿಟ್ಟದ್ದು 2024ರ ಬೇಸಿಗೆಯಲ್ಲಿ. ನಗರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ 6,900 ಬತ್ತಿವೆ, ತಮ್ಮ ಮನೆಯದೂ ಬತ್ತಿದೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದ ಬೇಸಿಗೆ ಅದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಮಾಡಿತ್ತು. ಆ ದರದ ನೀರು ಆದೇಶದ ಪ್ರತಿಯಲ್ಲಿ ಧಾರಾಳವಾಗಿ ಹರಿಯುತ್ತಿತ್ತು. ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನೀರು. ನಿರ್ವಹಣಾ ಶುಲ್ಕ ಎರಡು ಸಲ ಏರಿತು. ನಿವಾಸಿಗಳು ಗದ್ದಲ ಎಬ್ಬಿಸಿದರು. ಸಂಘದ ಕಾರ್ಯದರ್ಶಿಗಳು ತಡಮಾಡದೆ ಕ್ರಮ ಕೈಗೊಂಡರು: ಕ್ಲಬ್‌ಹೌಸಿನಲ್ಲಿ ನಾಲ್ಕು ಶನಿವಾರ 'ನೀರಿನ ಆತಂಕ ನಿರ್ವಹಣಾ ಶಿಬಿರ', ಸಂಘದ ಖರ್ಚಿನಲ್ಲಿ.

ಕೋಚ್ ಬಿಳಿಯ ಲಿನನ್ ಅಂಗಿ ತೊಟ್ಟ, ಮೃದು ಮಾತಿನ ಯುವಕ. ಮೊದಲು ಎಲ್ಲರ ಅಂಗೈಗೆ ಒಂದೊಂದು ಒಣದ್ರಾಕ್ಷಿ ಹಾಕಿದ. ಅದರ ಸುಕ್ಕುಗಳನ್ನು ನೋಡಬೇಕು, ಮೂಸಬೇಕು, ಕಿವಿಯ ಬಳಿ ಹಿಡಿದು ಅದುಮಿ ಕೇಳಬೇಕು, ಆಮೇಲೆ ನಾಲಿಗೆಯ ಮೇಲಿಟ್ಟುಕೊಂಡು ಕಾಯಬೇಕು. ಮೊದಲ ಸಾಲಿನ ಹುಡುಗನೊಬ್ಬ ಅಷ್ಟರಲ್ಲಿ ನುಂಗಿ ಇನ್ನೊಂದಕ್ಕೆ ಕೈಚಾಚಿದ್ದ. ದ್ರಾಕ್ಷಿ ಮುಗಿದ ಮೇಲೆ ಕೃತಜ್ಞತಾ ದಿನಚರಿ. ದಿನಕ್ಕೆ ಮೂರು ಉಪಕಾರ ನೆನೆದು ಬರೆಯಬೇಕು. ಪಕ್ಕದಲ್ಲಿ ಕುಳಿತಿದ್ದವರ ಪುಸ್ತಕಕ್ಕೆ ಇಣುಕಿದೆ: "ಬೆಳಿಗ್ಗೆ ಆರೂಕಾಲಕ್ಕೆ ನೀರು ಬಂತು. ಸೋಪು ಹಚ್ಚಿಕೊಂಡ ಮೇಲೆ ನಿಂತಿತು. ಗಂಡ ಟವೆಲು ಕೊಟ್ಟರು."

ಬಳಿಕ ಕೋಚ್ ಧ್ವನಿಯನ್ನು ಇನ್ನೂ ತಗ್ಗಿಸಿ, ನೆಲಮಹಡಿಯ ಗೃಹಿಣಿಯೊಬ್ಬರನ್ನು ಕೇಳಿದ: "ಮೇಡಂ, ಈ ಕೊರತೆಯ ಭಾವ ನಿಮ್ಮ ದೇಹದಲ್ಲಿ ಎಲ್ಲಿದೆ?"

"ದೇಹದಲ್ಲಿ ಅಲ್ಲ ಸಾರ್, ಸಂಪಿನಲ್ಲಿ."

ಇದಕ್ಕೆ ಉತ್ತರವಾಗಿ ಪರದೆಯ ಮೇಲೆ ಬಸವಣ್ಣನವರು ಬಂದರು. ಲೋಕದ ಡೊಂಕನ್ನು ನೀವೇಕೆ ತಿದ್ದುತ್ತೀರಿ, ನಿಮ್ಮ ನಿಮ್ಮ ಮನಸ್ಸನ್ನು ಸಂತೈಸಿಕೊಳ್ಳಿ ಎಂಬ ವಚನ; ಹಿನ್ನೆಲೆಗೆ ಸೂರ್ಯೋದಯ. ವಚನವನ್ನು ಈ ಕೆಲಸಕ್ಕೆ ಹಚ್ಚುವವರಿಗೆ ಅದನ್ನು ಬರೆದವರ ಬದುಕು ನೆನಪಿಗೆ ಬರುವುದಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಗಿ ಕಲ್ಯಾಣವೇ ಹೊತ್ತಿ ಉರಿದಾಗ ಶರಣರು ಯಾರೂ ಚಾಪೆ ಹಾಸಿ ಉಸಿರು ಎಣಿಸುತ್ತ ಕೂರಲಿಲ್ಲ. ಆದರೆ ಅದನ್ನೆಲ್ಲ ಒಂದು ಸ್ಲೈಡಿನಲ್ಲಿ ಹಿಡಿಸುವುದು ಕಷ್ಟ.

ಮೂರನೇ ಮಹಡಿಯಲ್ಲಿ ನ್ಯಾಯಾಲಯದ ನಿವೃತ್ತ ಶಿರಸ್ತೇದಾರರೊಬ್ಬರಿದ್ದಾರೆ. ಅವರು ಎರಡು ಶನಿವಾರ ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕುಳಿತು ಎಲ್ಲವನ್ನೂ ಕೇಳಿದರು. ಎರಡನೆಯ ಶನಿವಾರ ಕಣ್ಣು ಮುಚ್ಚುವ ಹೊತ್ತಿಗೆ ಮೆಲ್ಲನೆ ಎದ್ದು ಹೋಗಿ, ಕಾವಲುಗಾರನ ಗೇಟ್ ರಿಜಿಸ್ಟರನ್ನೂ ಸಂಘದ ಬಿಲ್ಲಿನ ಫೈಲನ್ನೂ ಕಂಕುಳಲ್ಲಿಟ್ಟುಕೊಂಡು ಬಂದರು. ವಾಹನದ ಸಂಖ್ಯೆ, ಒಳಬಂದ ವೇಳೆ, ಹೊರಹೋದ ವೇಳೆ, ಚಾಲಕನ ರುಜು. ಒಂದೊಂದು ಸಾಲಿಗೂ ಬೆರಳಿಟ್ಟು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಸಣ್ಣ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರು. ಅಷ್ಟು ಏಕಾಗ್ರತೆ ಆ ಕೋಣೆಯಲ್ಲಿ ಇನ್ನಾರಿಗೂ ಇರಲಿಲ್ಲ. ಗಂಟೆ ಬಾರಿಸಿ ಎಲ್ಲರೂ ಕಣ್ಣು ತೆರೆದಾಗ ಅವರು ಎದ್ದು ನಿಂತಿದ್ದರು.

"ಅಪ್ಪಣೆಯಾದರೆ ಒಂದು ವಿಷಯ ನಿವೇದಿಸುತ್ತೇನೆ. ಏಪ್ರಿಲ್ ತಿಂಗಳಲ್ಲಿ ಸಂಘದಿಂದ ಹಣ ಪಡೆದ ಟ್ಯಾಂಕರುಗಳ ಪೈಕಿ ಇಪ್ಪತ್ತಕ್ಕೂ ಹೆಚ್ಚು ಟ್ಯಾಂಕರುಗಳು ಗೇಟು ದಾಟದೆ ಒಳಗೆ ಬಂದು ನೀರು ಸುರಿದು ಹೋಗಿವೆ. ಇದು ಯಾವ ಸಾಧನೆಯಿಂದ ಸಾಧ್ಯವಾಯಿತು ಎಂದು ಕಾರ್ಯದರ್ಶಿಗಳು ಸಭೆಗೆ ವಿವರಿಸಬೇಕು."

ಕಾರ್ಯದರ್ಶಿಗಳ ಮುಖ ಕೆಂಪಾಯಿತು. "ರಾಯರೇ, ಶಿಬಿರದಲ್ಲಿ ನೆಗೆಟಿವ್ ಎನರ್ಜಿ ತರಬೇಡಿ" ಎಂದರು. ಕೋಚ್ ಪಾಪ, ಒಳ್ಳೆಯ ಹುಡುಗ. ಹಣೆಯ ಮೇಲೆ ಬೆವರು ಮೂಡಿದವರನ್ನು ಕಂಡೊಡನೆ ಅಭ್ಯಾಸಬಲದಿಂದ ಓಡಿ ಬಂದು ಅವರ ಭುಜದ ಮೇಲೆ ಕೈಯಿಟ್ಟ.

"ಸಾರ್, ಆಳವಾಗಿ ಉಸಿರೆಳೆದುಕೊಳ್ಳಿ. ಈ ಸಂಕಟ ನಿಮ್ಮ ದೇಹದಲ್ಲಿ ಎಲ್ಲಿದೆ ಎಂದು ಗಮನಿಸಿ."

"ಎಡಗಡೆಯ ಜೇಬಿನಲ್ಲಿ ನೋಡಪ್ಪಾ" ಎಂದರು ಶಿರಸ್ತೇದಾರರು.

ಉಳಿದ ಎರಡು ಶನಿವಾರಗಳ ಶಿಬಿರವನ್ನು ಕಾರ್ಯಕಾರಿ ಸಮಿತಿಯ ಸದಸ್ಯರಿಗೆ ಮಾತ್ರ, ಅವರದೇ ಖರ್ಚಿನಲ್ಲಿ ನಡೆಸತಕ್ಕದ್ದು ಎಂದು ಸ್ಥಳದಲ್ಲೇ ಠರಾವು ಬರೆದರು. ಸೂಚಕರು: ಶಿರಸ್ತೇದಾರರು. ಅನುಮೋದಕರು: ದ್ರಾಕ್ಷಿ ನುಂಗಿದ ಹುಡುಗನನ್ನೂ ಸೇರಿಸಿ, ಹಾಜರಿದ್ದವರೆಲ್ಲರು.