ಚಿಪ್ಪಿಗೆ ಎಡಸುತ್ತು

ನಮ್ಮ ಓಣಿಯಲ್ಲಿ ಅದನ್ನು ಕನ್ಸೋಲ್ ಅಂತ ಯಾರೂ ಕರೆದಿರಲಿಲ್ಲ. ಟಿವಿ ಗೇಮ್, ಅಷ್ಟೇ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದಾಗ, ಅಂದರೆ 1997ಕ್ಕೆ ಮುಂಚೆ, ಅಪ್ಪ ತಂದದ್ದು. ನಿಂಟೆಂಡೊ ಕಂಪನಿಯವರು 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರದ ನಕಲು ಅದು ಅಂತ ನನಗೆ ಗೊತ್ತಾಗಿದ್ದು ಮೀಸೆ ನರೆತ ಮೇಲೆ.

ಮೊನ್ನೆ ಅಟ್ಟದ ಮೇಲೆ ಸಿಕ್ಕಿತು, ಆಟದ ಬಂದೂಕಿನ ಸಮೇತ. ಬಂದೂಕು ನೋಡಿ ಅಮ್ಮನ ಮುಖ ಅರಳಿತು. ಓಡುತ್ತ ಜಿಗಿಯುವ ಆಟದ ಹೀರೋ ಮಾರಿಯೋನನ್ನು ಅವಳು ತಿರುಗಿಯೂ ನೋಡಿದವಳಲ್ಲ. ಬಾತುಕೋಳಿ ಹೊಡೆಯುವ ಆಟದಲ್ಲಿ ಮಾತ್ರ ಓಣಿಗೇ ಫಸ್ಟು. ಒಲೆ ಮೇಲೆ ಸಾರು ಇಟ್ಟು ಬಂದು, ನಾಲ್ಕು ಬಾತುಕೋಳಿ ಉರುಳಿಸಿ, ಒಗ್ಗರಣೆಗೆ ವಾಪಸ್ ಹೋಗುತ್ತಿದ್ದಳು.

ಎಲ್‌ಇಡಿ ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿದೆ. ಚಿತ್ರ ಬಂತು, ಮೇಲೆಲ್ಲ ಮಂಡಕ್ಕಿ ಎರಚಿದ ಹಾಗೆ. ಯಂತ್ರದೊಳಗೆ ಒಂದು ತಗಡಿನ ಡಬ್ಬಿ ಇದೆ. ಅದು ಚಿತ್ರವನ್ನು ರೇಡಿಯೋ ಅಲೆ ಮಾಡಿ ಕಳಿಸುತ್ತದೆ, ಟಿವಿ ಮತ್ತೆ ಅದನ್ನು ಚಿತ್ರ ಮಾಡಿಕೊಳ್ಳುತ್ತದೆ. ಪಕ್ಕದ ಮನೆಗೆ ಸಕ್ಕರೆ ಕೊಡೋಕೆ ಹರಿಹರ ಸುತ್ತಿ ಬಂದ ಹಾಗೆ. ಡಬ್ಬಿಗೆ ಹೋಗುವ ಮೊದಲೇ ವಿಡಿಯೋ ಕದ್ದು ಹಳದಿ ಎವಿ ಪಿನ್ನಿಗೆ ಕೊಟ್ಟರೆ ಮುಗೀತು. ಒಂದು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್, ಒಂದು ಕೆಪಾಸಿಟರ್. ಒಂದು ಬೆಣ್ಣೆ ದೋಸೆಗಿಂತ ಅಗ್ಗ.

ಚಿತ್ರ ಬಿಡಿಸುವ ಚಿಪ್ಪಿಗೆ 40 ಕಾಲು. ವಿಡಿಯೋ ಬರುವುದು 21ನೆಯದರಲ್ಲಿ. ಮೇಲಿನಿಂದ ನೋಡುತ್ತ, ಕಚ್ಚು ಇರುವ ತುದಿಯಿಂದ ಎಡಸುತ್ತು, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಎಣಿಸಬೇಕು. ಎಣಿಸಿದೆ, ಬೆಸೆದೆ. ಏಪ್ರಿಲ್ ತಿಂಗಳು. ಫ್ಯಾನ್ ಹಾಕಿದರೆ ಕಾವು ಹಾರಿಹೋಗುತ್ತೆ ಅಂತ ಆರಿಸಿದ್ದೆ. ಬೆಸುಗೆಗಿಂತ ನಾನೇ ಜಾಸ್ತಿ ಕರಗಿದೆ.

ಟಿವಿ ಹಾಕಿದರೆ ಅಮಾವಾಸ್ಯೆ.

ಬೆಸೆಯಲು ಬೋರ್ಡನ್ನು ಬೋರಲು ಹಾಕಿದ್ದೆ. ಬೋರಲಾದರೆ ಎಡಸುತ್ತು ಬಲಸುತ್ತಾಗುತ್ತೆ, ಅಲ್ವಾ? ನಾನು 21 ಅಂದುಕೊಂಡದ್ದು 20ನೇ ಕಾಲು. ಅದು ಗ್ರೌಂಡ್, ಸಿಗ್ನಲ್ಲೇ ಇಲ್ಲದ ಸೊನ್ನೆ ವೋಲ್ಟಿನ ಕಾಲು. ಅಲ್ಲಿ ಯಾವ ಮಾರಿಯೋನೂ ಇರಲ್ಲ.

“ದುಗ್ಗಮ್ಮನ ಗುಡೀಲಿ ಯಾವ ಕಡೆಯಿಂದ ಸುತ್ತಬೇಕು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದೀನಿ” ಅಂದಳು ಅಮ್ಮ.

“ಇದಕ್ಕೆ ಎಡಕ್ಕೇ ಸುತ್ತಬೇಕಮ್ಮ.”

“ಅದಕ್ಕೇ ಕೆಟ್ಟಿರೋದು.”

ಸರಿಯಾದ ಕಾಲು ಹಿಡಿದ ಮೇಲೆ ಚಿತ್ರ ಬಂತು, ಸೀಮೆಎಣ್ಣೆ ಮುಗಿದ ಲಾಟೀನಿನ ಹಾಗೆ. ಇದಕ್ಕೆ ಅರ್ಧ ದಿನ ಹೋಯಿತು. ಅಂಗಡಿಯಲ್ಲಿ 2ಎನ್3906 ನಂಬರಿನ ಟ್ರಾನ್ಸಿಸ್ಟರ್ ಕೇಳಿದ್ದಕ್ಕೆ ಬಿಸಿ557 ಕೊಟ್ಟು “ಎರಡೂ ಒಂದೇ ಸಾರ್” ಅಂದಿದ್ದರು. ಕೆಲಸ ಒಂದೇ, ಸುಳ್ಳಲ್ಲ. ಆದರೆ ಕಾಲುಗಳ ಸಾಲು ಹಿಂದುಮುಂದು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿ ಓಡು ಅಂದರೆ ಅದಾದರೂ ಏನು ಮಾಡೀತು? ತಿರುಗಿಸಿ ಹಾಕಿದೆ. ಬಣ್ಣ ಝಗ್ ಅಂತ ಬಂತು. ಸೌಂಡ್ ಬರಲಿಲ್ಲ. ಅದರ ತಂತಿ ಎಳೆಯೋದೇ ಮರೆತಿದ್ದೆ. ಮತ್ತೆ ಬಿಚ್ಚಿದೆ.

ಇನ್ನೊಂದು ಉಳಿಯಿತು. ಚಿತ್ರದ ಮೇಲೆ ಉದ್ದುದ್ದ ಮಸುಕು ಗೆರೆ. ಬಲ್ಲವರು ಜೈಲ್‌ಬಾರ್ ಅನ್ನುತ್ತಾರೆ. ಅಕ್ಕಪಕ್ಕದ ಸಿಗ್ನಲ್‌ಗಳ ಗದ್ದಲ ವಿಡಿಯೋದೊಳಗೆ ನುಸುಳಿದರೆ ಹೀಗಾಗುತ್ತದೆ. 21ನೇ ಕಾಲನ್ನು ಬೋರ್ಡಿನಿಂದ ಬಿಡಿಸಿ, ಮೇಲೆತ್ತಿ, ಅಲ್ಲಿಂದಲೇ ತಂತಿ ಎಳೆದರೆ ಕಡಿಮೆಯಾಗುತ್ತೆ. ನಾನು ಎತ್ತಲಿಲ್ಲ. ಇಷ್ಟು ವರ್ಷದ ಕಾಲು, ಪಟ್ ಅಂದರೆ? ಮಾರಿಯೋ ಕಿಟಕಿ ಸರಳಿನಾಚೆ ಓಡಾಡಿಕೊಂಡಿರಲಿ ಬಿಡಿ.

ಅಮ್ಮ ಕನ್ನಡಕ ಒರೆಸಿಕೊಂಡು ಕೂತಳು. ಗುರಿ ಇಟ್ಟಳು, ಹೊಡೆದಳು. ಬಾತುಕೋಳಿ ಆರಾಮಾಗಿ ಹಾರಿಹೋಯಿತು. ಎರಡನೆಯದೂ. ಹತ್ತನೆಯದೂ. ಪೊದೆಯಿಂದ ನಾಯಿ ಎದ್ದು ನಕ್ಕಿತು. ಅಮ್ಮ ಎದ್ದು ಟಿವಿಗೆ ಬಂದೂಕು ಒತ್ತಿ ಹೊಡೆದಳು. ಊಹೂಂ.

ಆಗ ನನಗೆ ಹೊಳೆಯಿತು. ಆ ಬಂದೂಕಿನಿಂದ ಏನೂ ಹೊರಡಲ್ಲ. ಅದೊಂದು ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮಿಂಚುತ್ತದೆ. ಅದು ಕಂಡರೆ ಏಟು ಬಿದ್ದ ಲೆಕ್ಕ. ಹಳೇ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಚೌಕ ತಕ್ಷಣ ಮಿಂಚುತ್ತಿತ್ತು. ಎಲ್‌ಇಡಿ ಟಿವಿ ಚಿತ್ರವನ್ನು ಒಳಗೆ ಚೂರು ಹೊತ್ತು ಅಲಂಕಾರ ಮಾಡಿ ಹೊರಗೆ ಬಿಡುತ್ತದೆ. ಅಷ್ಟರಲ್ಲಿ ಬಂದೂಕು ನೋಡೋದು ಮುಗಿಸಿರುತ್ತದೆ.

“ಹಾಗಾದರೆ ಹಳೇ ಟಿವಿ ಇಳಿಸು, ಅದರಲ್ಲೇ ಆಡ್ತೀನಿ” ಅಂದಳು.

“ದೀಪಾವಳಿ ಕ್ಲೀನಿಂಗಲ್ಲಿ ಗುಜರಿಗೆ ಹಾಕಿದೆನಲ್ಲಮ್ಮ. ನೂರೈವತ್ತು ಕೊಟ್ಟ.”

ಅಮ್ಮ ಏನೂ ಹೇಳಲಿಲ್ಲ. ಬಂದೂಕನ್ನು ನಿಧಾನಕ್ಕೆ ನನ್ನ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಕುದುರೆ ಎಳೆದಳು.